ಹೆಂಚಿನ ಗೆರೆ

ಬಸ್ಸಿಳಿದು ಸೇತುವೆ ದಾಟುವಷ್ಟರಲ್ಲಿ ಆ ಸದ್ದು ಶುರುವಾಗಿತ್ತು. ಮೂರು ಏಟು, ಒಂದು ಬಿಡುವು. ಮತ್ತೆ ಮೂರು ಏಟು. ಅದೆರಿತು ಚೀಲದ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತು ಕಿವಿಗೊಟ್ಟ. ಕಲ್ಲಿನ ಮೇಲೆ ಉಳಿ, ಉಳಿಯ ಮೇಲೆ ಸುತ್ತಿಗೆ. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನಿಗೆ ಅದನ್ನು ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಇವತ್ತು ನವೆಂಬರ್ ಒಂದು, ಸಕಲ ಸಂತರ ಹಬ್ಬ. ಈ ಲಕ್ಸೆಂಬರ್ಗಿನಲ್ಲಿ ಹಬ್ಬದ ದಿನ ಗೋಡೆಗೆ ಒಂದು ಮೊಳೆ ಹೊಡೆದರೂ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟಂತೂ ಅವನು ಕಲಿತಿದ್ದ. ಗುಡ್ಡದ ನೆತ್ತಿಯನ್ನು ಮಂಜು ನುಂಗಿತ್ತು. ಕೋಟೆ ಕಾಣುತ್ತಿರಲಿಲ್ಲ. ಮರಕುಟಿಗ, ಇನ್ನೇನು, ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅವನು ಹೆಜ್ಜೆ ಹಾಕಿದ. ಮುಂದೆ ಲೂರ್ದೆಶ್ ನಡೆಯುತ್ತಿದ್ದಳು, ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್. ಬಕೆಟ್ಟಿನೊಳಗೆ ತಿಕ್ಕುವ ಬ್ರಷ್ಷು, ಹಳೆಯ ಬನಿಯನ್ನು ಹರಿದು ಮಾಡಿದ ಬಟ್ಟೆಗಳು, ಒಂದು ಬಾಟಲಿ ಬ್ಲೀಚಿಂಗ್ ನೀರು. ಬಸ್ಸಿನಲ್ಲಿ ಎದುರು ಕೂತಿದ್ದ ಬೂಟುಗಾಲಿನ ಚಾರಣಿಗರು ಆ ಬಕೆಟ್ಟನ್ನೇ ನೋಡಿದ್ದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡಿದ್ದರು. ಅದೆರಿತುವಿಗೆ ಆಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಗಂಡಹೆಂಡತಿ ಇಬ್ಬರೂ ರಜದ ದಿನ ಗುಡ್ಡ ಹತ್ತಲು ಹೊರಟು, ಹೆಂಡತಿ ಕಚೇರಿ ಗುಡಿಸಲು ಹೊರಟವಳ ಹಾಗೆ ಕೂತರೆ?

“ಅದನ್ನ ಚೀಲದೊಳಗೆ ಹಾಕ್ಕೊಂಡಿದ್ರೆ ಆಗ್ತಿರ್ಲಿಲ್ವಾ?” ಎಂದ, ಅವಳನ್ನು ಸೇರಿಕೊಳ್ಳುತ್ತ.

“ಬಕೆಟ್ ಚೀಲದೊಳಗೆ ಹಿಡಿಯುತ್ತಾ ಮಾರಾಯ?” ಲೂರ್ದೆಶ್ ತಿರುಗಿ ನೋಡಲಿಲ್ಲ. “ನಾಚಿಕೆ ಆದ್ರೆ ಹತ್ತು ಮಾರು ಹಿಂದೆ ಬಾ. ನನ್ ಗಂಡ ಅಂತ ಯಾರ್ಗೂ ಹೇಳಲ್ಲ.”

ಅವನು ನಕ್ಕ. ಪ್ರತಿ ವರ್ಷ ಈ ಹಬ್ಬಕ್ಕೆ ಇಬ್ಬರೂ ಎರಡು ದಿನ ಕಾರು ಓಡಿಸಿಕೊಂಡು ಪೋರ್ಚುಗಲ್ಲಿನ ತಮ್ಮ ಊರಿಗೆ ಹೋಗುವವರು. ಅಲ್ಲಿ ಊರಿಗೆ ಊರೇ ಸ್ಮಶಾನದಲ್ಲಿ ಸೇರಿ ತಮ್ಮ ತಮ್ಮವರ ಸಮಾಧಿ ತೊಳೆಯುತ್ತದೆ. ತಿಕ್ಕಿ, ಒರೆಸಿ, ಸೇವಂತಿಗೆ ಇಟ್ಟು, ಕೆಂಪು ಗಾಜಿನ ದೀಪ ಹಚ್ಚಿ, ಪಕ್ಕದ ಸಮಾಧಿ ಎಷ್ಟು ಬೆಳ್ಳಗಾಗಿದೆ ಎಂದು ಓರೆಗಣ್ಣಲ್ಲಿ ನೋಡುತ್ತದೆ. ಲೂರ್ದೆಶ್ ತನ್ನ ತಮ್ಮ ಝೆಫೆರಿನುವಿನ ಕಲ್ಲನ್ನು ತೊಳೆಯುವುದಕ್ಕೆ ನಿಂತರೆ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರು. ಕುಡಿದು ಬಿದ್ದವನು ಎಂಬ ಮಾತನ್ನು ಅವಳೆದುರಿಗೆ ಯಾರೂ ಆಡುತ್ತಿರಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಈಸ್ಟರಿನ ಹೊತ್ತಿಗೆ ಅವಳ ಅಮ್ಮ ತೀರಿಕೊಂಡಳು. ಮೊನ್ನೆ ಅದೆರಿತು ಕಾರಿನ ಚಕ್ರಕ್ಕೆ ಗಾಳಿ ಹಾಕಿಸಿಕೊಂಡು ಬಂದಾಗ ಲೂರ್ದೆಶ್ ಪಾತ್ರೆ ತೊಳೆಯುತ್ತಲೇ ಹೇಳಿದ್ದಳು: “ಈ ವರ್ಷ ಊರಿಗೆ ಬೇಡ. ಅವನು ಕೊನೇಲಿ ನಿಂತಿದ್ದ ಜಾಗ ತೊಳೀಬೇಕು. ಕರ್ಕೊಂಡು ಹೋಗು.” ಝೆಫೆರಿನು ಅಲ್ಲಿಂದ ಬಿದ್ದು ಸತ್ತ ಎಂಟು ವರ್ಷದಲ್ಲಿ ಒಮ್ಮೆಯೂ ಅವಳು ಆ ಕೋಟೆಯ ಹೆಸರೆತ್ತಿರಲಿಲ್ಲ. ಬೇಡ ಅನ್ನಲು ಅವನು ಬಾಯಿ ತೆರೆದ. ಮಳೆ ಬರಬಹುದು, ಮೊಣಕಾಲು ನೋವು, ಹಬ್ಬದ ದಿನ ಬಾಗಿಲು ಹಾಕಿರುತ್ತಾರೆ. ಒಂದೊಂದು ಕಾರಣಕ್ಕೂ ಅವಳು ಒಂದೊಂದು ತಟ್ಟೆಯನ್ನು ಕುಕ್ಕಿದಳು.

ದಾರಿ ಬೀಚ್ ಮರಗಳ ನಡುವೆ ಏರತೊಡಗಿತು. ಒದ್ದೆ ಎಲೆಗಳ ಮೇಲೆ ಕಾಲು ಜಾರುತ್ತಿತ್ತು. ಕೋಟೆಯ ಗೋಡೆ ಕೆಲಸಕ್ಕೆ ಬರುತ್ತಿದ್ದಾಗ ಅವನು ಈ ದಾರಿಯಲ್ಲಿ ನಡೆದೇ ಇರಲಿಲ್ಲ. ಹಿಂದುಗಡೆಯ ಮಣ್ಣುದಾರಿಯಲ್ಲಿ ವ್ಯಾನು ಮೇಲಿನವರೆಗೂ ಹೋಗುತ್ತಿತ್ತು. ಝೆಫೆ ಪಕ್ಕದಲ್ಲಿ ಕೂತು ಒಂದೇ ಸಮ ಮಾತಾಡುತ್ತಿದ್ದ. ಭಾವ, ಈ ಕೋಟೆಯ ರಾಜ ಯಾವನೋ ನಮ್ಮ ಹಾಗೇ ಬಾಡಿಗೆಗಿದ್ದನೋ ಏನೋ, ಒಂದೇ ಒಂದು ಒಳ್ಳೆ ಕಕ್ಕಸು ಕಟ್ಟಿಸಿಲ್ಲ ನೋಡು. ಮೂವತ್ತಾರು ವರ್ಷದ ಗಂಡಸು, ಒಳ್ಳೆಯ ಕೆಲಸಗಾರ, ಮದುವೆಯಾಗು ಅಂದರೆ ಅಕ್ಕನ ಅಡುಗೆ ಬಿಟ್ಟು ಎಲ್ಲಿಗೆ ಹೋಗಲಿ ಅನ್ನುವವನು. ಅವನ ಸುತ್ತಿಗೆಗೆ ಒಂದು ಲಯವಿತ್ತು. ಮೂರು ಏಟು ಹೊಡೆದು ಉಳಿಯನ್ನು ಎತ್ತಿ, ಊದಿ, ನೋಡಿ, ಮತ್ತೆ ಮೂರು ಏಟು. ಆ ಊದುವಿಕೆಯ ಬಿಡುವು ಎಷ್ಟು ಹೊತ್ತಿನದೆಂದು ಅದೆರಿತುವಿಗೆ ನಿದ್ದೆಯಲ್ಲೂ ಗೊತ್ತಿತ್ತು. ಈಗ ಮೇಲಿನಿಂದ ಕೇಳುತ್ತಿದ್ದ ಸದ್ದಿನ ನಡುವೆ ಇದ್ದದ್ದೂ ಅಷ್ಟೇ ಬಿಡುವು.

“ಮರಕುಟಿಗ ಅನ್ಸುತ್ತೆ,” ಎಂದ ಗಟ್ಟಿಯಾಗಿ.

“ಎಲ್ಲಿ?” ಎಂದಳು ಲೂರ್ದೆಶ್. ನಿಲ್ಲಲಿಲ್ಲ.

ಅವಳಿಗೆ ಕೇಳಿಸುತ್ತಿಲ್ಲ. ಅವನಿಗೆ ಒಂದು ಕಡೆ ಸಮಾಧಾನವಾಯಿತು, ಇನ್ನೊಂದು ಕಡೆ ಜೀವ ಝಲ್ಲೆಂದಿತು. ಅವಳು ಇದ್ದಕ್ಕಿದ್ದಂತೆ ಕೇಳಿದಳು: “ಆ ದಿನ ಅವನು ಏನು ತಿಂದಿದ್ದ?”

“ಯಾವ ದಿನ?”

“ಇನ್ಯಾವ ದಿನ. ನಾನು ಉಪ್ಪುಮೀನಿನ ಬೋಂಡ ಕಟ್ಟಿ ಕೊಟ್ಟಿದ್ದೆ, ಇಬ್ರಿಗೂ. ಡಬ್ಬಿ ಪೊಲೀಸ್ರು ವಾಪಸ್ ಕೊಟ್ಟಾಗ ಅವನ ಡಬ್ಬಿ ತುಂಬಿತ್ತು. ಮುಟ್ಟೇ ಇರ್ಲಿಲ್ಲ.” ಒಂದು ಏರು ಹತ್ತಿ, ಉಸಿರು ತೆಗೆದುಕೊಂಡು ಅವಳು ಮುಂದುವರಿಸಿದಳು. “ಊಟಕ್ಕೆ ಅಂತ ಗೋಡೆ ಮೇಲೆ ಕೂತಿದ್ದ ಅಂದೆ ನೀನು. ಊಟಕ್ಕೆ ಕೂತವನು ಡಬ್ಬಿನ ವ್ಯಾನಲ್ಲಿ ಬಿಟ್ಟು ಹೋಗ್ತಾನಾ? ಅದೂ ನಮ್ ಝೆಫೆ?”

“ಮೊದ್ಲು ಒಂದು ಬಿಯರ್ ಕುಡಿದು ಆಮೇಲೆ ಅಂತ ಇದ್ನೇನೋ.”

“ಹೂಂ,” ಎಂದಳು. ಅಷ್ಟೇ.

ಆ ಬಿಯರಿನ ಮಾತನ್ನು ಅವನು ಮೂರು ಸಲ ಹೇಳಿದ್ದ. ಪೊಲೀಸರಿಗೊಮ್ಮೆ, ಲೂರ್ದೆಶಳಿಗೊಮ್ಮೆ, ಅತ್ತೆಗೆ ಫೋನಿನಲ್ಲಿ ಒಮ್ಮೆ. ನಿಜವಾಗಿ ಹೇಳಿದ್ದೂ ಅಲ್ಲ, ತಲೆಯಾಡಿಸಿದ್ದು. ಕೂಗು ಕೇಳಿ ವ್ಯಾನಿನಿಂದ ಎದ್ದು ಓಡಿ ಬಂದವನ ಕೈಯಲ್ಲಿ ತಾನು ಕುಡಿಯುತ್ತಿದ್ದ ಬಿಯರ್ ಕ್ಯಾನು ಹಾಗೇ ಉಳಿದಿತ್ತು. ಎದೆಮಟ್ಟದ ಗೋಡೆಯ ಮೇಲೆ ಅದನ್ನಿಟ್ಟು ಆಚೆ ಬಗ್ಗಿ ನೋಡಿದ. ಹನ್ನೆರಡು ಮೀಟರ್ ಕೆಳಗೆ ಬಂಡೆ. ಆಮೇಲೆ ಪೊಲೀಸರು ಬಂದಾಗ ಕ್ಯಾನು ಅಲ್ಲೇ ಇತ್ತು. ಬಿದ್ದವನು ಕುಡಿಯುತ್ತಿದ್ದನಾ ಎಂದು ಒಬ್ಬ ಫ್ರೆಂಚಿನಲ್ಲಿ ಕೇಳಿದ, ಅದೆರಿತುವಿನ ತಲೆ ತಾನಾಗಿ ಆಡಿತು. ಒಂದು ಸಲ ಆಡಿದ ತಲೆಯನ್ನು ಹಿಂದಕ್ಕೆ ಆಡಿಸುವುದು ಹೇಗೆ? ಈಗೀಗ ನೆನೆಸಿಕೊಂಡರೆ ಕಣ್ಣ ಮುಂದೆ ಝೆಫೆಯೇ ಕಾಣುತ್ತಿದ್ದ, ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕ್ಯಾನು ಎತ್ತುತ್ತಿದ್ದ. ಸುಳ್ಳಿಗೆ ಎಂಟು ವರ್ಷ ಅನ್ನ ಹಾಕಿ ಸಾಕಿದರೆ ಅದು ಮನೆಯ ಮಗನ ಹಾಗೆ ಬೆಳೆದು ನಿಲ್ಲುತ್ತದೆ. ಇವತ್ತೊಂದು ದಿನ, ಎಂದುಕೊಂಡ ಅದೆರಿತು. ಹೂವಿಟ್ಟು ದೀಪ ಹಚ್ಚಿ ಇಳಿದುಬಿಟ್ಟರೆ ಮುಗಿಯಿತು. ಗೊತ್ತಾದರೆ ಅವಳು ನನ್ನ ಮನೆಯಲ್ಲಿ ಒಂದು ರಾತ್ರಿಯೂ ಇರುವುದಿಲ್ಲ.

ಕೋಟೆಯ ಹೆಬ್ಬಾಗಿಲು ಮಂಜಿನೊಳಗಿನಿಂದ ಒಮ್ಮೆಗೇ ಎದುರಿಗೆ ಬಂದು ನಿಂತಿತು. ಅಂಗಳದಲ್ಲಿ ಹಳದಿ ಮಳೆಯಂಗಿಯ ಹೆಂಗಸೊಬ್ಬಳು ಏಳೆಂಟು ಮುದುಕರ ಗುಂಪಿಗೆ ಏನೋ ವಿವರಿಸುತ್ತಿದ್ದಳು. ಹೆಂಗಸಿನ ಎದೆಯ ಮೇಲೆ ಬಿಲ್ಲೆ ಇತ್ತು, ಕೋಟೆ ತೋರಿಸುವವಳು. ಅದೆರಿತು ಬುರುಜಿನ ಪಕ್ಕದ ಪೂರ್ವದ ಗೋಡೆಯನ್ನು ನೋಡಬಾರದೆಂದು ನೆಲ ನೋಡುತ್ತ ನಡೆದ, ನೆಲ ನೋಡುತ್ತಲೇ ಸೀದಾ ಅಲ್ಲಿಗೇ ಬಂದು ಮುಟ್ಟಿದ. ಗೋಡೆ ಈಗ ಅವನಿಗಿಂತ ಎತ್ತರವಾಗಿತ್ತು. ಅವನು ಬಿಟ್ಟ ಮೇಲೆ ಇನ್ಯಾರೋ ಬಂದು ಮೇಲೆತ್ತಿದ್ದರು. ಪಾಚಿ ಹತ್ತಿ, ಕಪ್ಪಾಗಿ, ತನ್ನದು ಯಾವುದು ಇನ್ನೊಬ್ಬರದು ಯಾವುದು ಎಂದು ಅವನಿಗೇ ಥಟ್ಟನೆ ಗುರುತು ಹತ್ತಲಿಲ್ಲ. ಅವನು ಅಂಗೈ ಚಾಚಿ ಗೋಡೆಯ ಮೇಲಿಟ್ಟ. ಒಳಗೆಲ್ಲೋ ಸಣ್ಣಗೆ ಅದುರುತ್ತಿತ್ತು. ಮೂರು ಸಲ. ಬಿಡುವು. ಮೂರು ಸಲ. ಸದ್ದು ಗೋಡೆಯ ಆ ಕಡೆಯಿಂದ ಬರುತ್ತಿತ್ತು. ಆ ಕಡೆ ನಿಲ್ಲಲು ಜಾಗವೇ ಇಲ್ಲ, ಬರೀ ಗಾಳಿ.

“ದಯವಿಟ್ಟು ಮುಟ್ಟಬೇಡಿ, ಸಾರ್,” ಎಂದಳು ಹಳದಿ ಅಂಗಿಯವಳು ಫ್ರೆಂಚಿನಲ್ಲಿ. ಆಮೇಲೆ, ಮುಖ ನೋಡಿ ಯಾವ ದೇಶದವನೆಂದು ಅಳೆದು, ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. “ಹಳೇದು. ತುಂಬಾ ಹಳೇದು. ಮುಟ್ಟಬಾರದು.”

ಅದೆರಿತು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂತೆಗೆದ. ಗುಂಪು ಹತ್ತಿರ ಬಂದು ಸುತ್ತುವರಿಯಿತು. ಹೆಂಗಸು ಎದೆಮಟ್ಟದಲ್ಲಿ, ಪಾಚಿಯ ನಡುವೆ ಅಲ್ಲಲ್ಲಿ ಇಣುಕುತ್ತಿದ್ದ ಕೆಂಪನ್ನು ಬೆರಳಿನಿಂದ ತೋರಿಸಿದಳು. “ಇಲ್ಲಿ ನೋಡಿ, ಹೆಂಚಿನ ಒಂದು ತೆಳು ಗೆರೆ. ಹಾಳುಬಿದ್ದ ಗೋಡೆಯನ್ನ ಮತ್ತೆ ಎತ್ತುವಾಗ ನಾವು ಮೋಸ ಮಾಡಲ್ಲ. ಗೆರೆಯಿಂದ ಕೆಳಗೆ ಇರೋದೆಲ್ಲ ಹದಿಮೂರನೇ ಶತಮಾನದ್ದು. ಗೆರೆಯಿಂದ ಮೇಲಿನದು ನಮ್ಮ ಕಾಲದ್ದು. ಈಗ ಈ ಮೂರು ವರಸೆ ಕಲ್ಲು ನೋಡಿ, ಗೆರೆಯ ಕೆಳಗಡೆ. ಎಂಥ ಜೋಡಣೆ! ಒಂದು ಕೂದಲು ತೂರೋದಿಲ್ಲ.”

“ಆ ಕೈಚಳಕ ಈಗಿನವರಿಗೆ ಎಲ್ಲಿ ಬರಬೇಕು,” ಎಂದ ಒಬ್ಬ ಮುದುಕ, ತಲೆಯಾಡಿಸುತ್ತ. “ಈಗಿನವರಿಗೆ ಸಂಜೆ ಐದಾದರೆ ಸಾಕು, ಸಾಮಾನು ಬಿಸಾಕಿ ಹೊರಡ್ತಾರೆ.”

ಅದೆರಿತುವಿನ ಎದೆಯಲ್ಲಿ ಮೊದಲು ಎದ್ದದ್ದು ಭಯವಲ್ಲ, ಹೆಮ್ಮೆ. ಆ ಮೂರು ವರಸೆ ಅವನದು. ಒಂದು ಶುಕ್ರವಾರ, ಹಳೆಯ ಗೋಡೆಯ ತಲೆ ಏರುಪೇರಾಗಿದ್ದುದನ್ನು ಸಮ ಮಾಡಲು ಅವನು ಆ ಮೂರು ವರಸೆ ಕಟ್ಟಿದ. ಮೊದಲು ಹೆಂಚಿನ ಗೆರೆ ಹಾಕಿ ಆಮೇಲೆ ಕಟ್ಟಬೇಕಿತ್ತು. ಮರೆತ. ಸೋಮವಾರ ಬಂದು, ಗೋಡೆ ನೋಡಿ, ತನ್ನ ಕೆಲಸವನ್ನು ತಾನೇ ಹಳೆಯದೆಂದು ತಿಳಿದು, ಅದರ ಮೇಲೆ ಗೆರೆಯೆಳೆದು ಇನ್ನೊಂದು ವರಸೆ ಕೂರಿಸಿದ. ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು. ಗುರುವಾರ ಬೆಳಗ್ಗೆ ಕಾಫಿ ಕುಡಿಯುತ್ತ ನೋಡುವಾಗ ಗೆರೆ ಮೂರು ವರಸೆ ಮೇಲೆ ಕೂತಿರುವುದು ಕಣ್ಣಿಗೆ ಬಿತ್ತು. ಎರಡು ಗಂಟೆಗೆ ಆರ್ಕಿಟೆಕ್ಟ್ ಬರುವವಳಿದ್ದಳು. ಒಂದು ತಪ್ಪಿಗೆ ಅದರ ಹಿಂದಿನ ವರ್ಷವೇ ಅವಳಿಂದ ಎಲ್ಲರೆದುರು ಬೈಸಿಕೊಂಡಿದ್ದ. ಪೋರ್ಚುಗೀಸರಿಗೆ ಗೋಡೆ ಕಟ್ಟೋದು ಗೊತ್ತು, ಓದೋದು ಗೊತ್ತಿಲ್ಲ ಅಂದಿದ್ದಳು. ಝೆಫೆ, ಈ ಹೆಂಚೆಲ್ಲ ಕಿತ್ತುಬಿಡು, ಕೆಳಗಿನ ಸಂದಿ ಕೆರೆದು ಅಲ್ಲಿ ತುಂಬೋಣ. ಭಾವ, ಊಟ ಮಾಡಿ ಬರ್ತೀನಿ. ಮೊದ್ಲು ಮುಗಿಸು, ಆಮೇಲೆ ಉಣ್ಣು. ಆಚೆ ಕಡೆಯ ಸಾರುವೆ ನಿನ್ನೆ ಬಿಚ್ಚಿದಾರಲ್ಲ ಭಾವ? ಗೋಡೆ ಮೇಲೆ ಬೋರಲು ಮಲಗಿ ಕೈ ಇಳಿಬಿಡು, ಎಟುಕುತ್ತೆ. ಹಗ್ಗ? ಎರಡು ನಿಮಿಷದ ಕೆಲಸಕ್ಕೆ ಹಗ್ಗ ಯಾತಕ್ಕೆ. ತಾನು ವ್ಯಾನಿಗೆ ಹೋಗಿ ಊಟಕ್ಕೆ ಕೂತ. ಹಸಿವಾಗಿತ್ತು. ಹಸಿವಾಗಿತ್ತು ಅನ್ನುವುದೇ ಇವತ್ತಿಗೂ ಅವನಿಗೆ ನಂಬಲಾಗದ ಸಂಗತಿ. ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಬೋಂಡ ಕಚ್ಚುತ್ತ ಅವನು ಆ ಏಟುಗಳನ್ನು ಕೇಳುತ್ತಿದ್ದ. ಮೂರು. ಬಿಡುವು. ಮೂರು. ಬಿಡುವು. ಬಿಡುವು ಉದ್ದವಾಯಿತು.

“ಮೇಡಂ, ಈ ಬಕೆಟ್ ಯಾತಕ್ಕೆ?” ಹಳದಿ ಅಂಗಿಯವಳು ಲೂರ್ದೆಶಳನ್ನು ಕೇಳುತ್ತಿದ್ದಳು.

“ಸಮಾಧಿ ತೊಳೆಯೋಕೆ.”

“ಇಲ್ಲಿ ಯಾರ ಸಮಾಧಿಯೂ ಇಲ್ಲವಲ್ಲ.”

“ಸಮಾಧಿ ಇಲ್ಲ. ಸತ್ತಿದ್ದು ಇಲ್ಲಿ,” ಎಂದಳು ಲೂರ್ದೆಶ್. ಅವಳ ಫ್ರೆಂಚು ಕಚೇರಿಗಳಲ್ಲಿ ಬೆಳಗಿನ ಜಾವ ಕಲಿತದ್ದು, ಅದರಲ್ಲಿ ಸುತ್ತು ಬಳಸು ಇರಲಿಲ್ಲ. ಮುದುಕರು ಬೂಟು ನೋಡಿಕೊಂಡರು. ಹಳದಿ ಅಂಗಿಯವಳು ಏನೋ ಹೇಳಹೋಗಿ, ಕ್ಷಮಿಸಿ ಅಂದು, ಗುಂಪನ್ನು ಬಾವಿಯ ಕಡೆಗೆ ನಡೆಸಿಕೊಂಡು ಹೋದಳು. ಅಲ್ಲಿಂದ ಹೆಬ್ಬಾಗಿಲಾಚೆ. ಮಾತುಗಳು ಮಂಜಿನಲ್ಲಿ ಒಂದೊಂದಾಗಿ ಆರಿದವು.

ಲೂರ್ದೆಶ್ ಕೋಟು ಬಿಚ್ಚಿ ಮಡಿಸಿ ಕಲ್ಲಿನ ಮೇಲಿಟ್ಟಳು. ತೋಳು ಮೇಲಕ್ಕೆ ಸರಿಸಿದಳು. ಕಲ್ಲಿನ ಗುಂಡಿಯಲ್ಲಿ ನಿಂತಿದ್ದ ಮಳೆನೀರನ್ನು ಬಕೆಟ್ಟಿಗೆ ಮೊಗೆದು, ಬ್ಲೀಚಿಂಗ್ ನೀರು ಸುರಿದಳು. ಆ ವಾಸನೆ ಬಂದದ್ದೇ ಅದೆರಿತುವಿಗೆ ಊರಿನ ಸ್ಮಶಾನವೇ ಗುಡ್ಡ ಹತ್ತಿ ಬಂದ ಹಾಗಾಯಿತು. “ಎಲ್ಲಿ ನಿಂತಿದ್ದ, ತೋರ್ಸು.” ಅವನು ಎರಡು ಮಾರು ಆಚೆ, ಎಲ್ಲೋ ಒಂದು ಕಡೆ ಬೆರಳು ತೋರಿಸಿದ. ಅವಳು ಅವನ ಬೆರಳನ್ನು ನೋಡಲಿಲ್ಲ, ಕಣ್ಣು ನೋಡಿದಳು. ಆಮೇಲೆ ಆ ಕಣ್ಣು ತಪ್ಪಿಸಿಕೊಂಡು ಹೋಗುತ್ತಿದ್ದ ಜಾಗಕ್ಕೆ ಬಂದು ನಿಂತು ತಿಕ್ಕತೊಡಗಿದಳು.

“ಅಲ್ಲೆಲ್ಲ ಬೇಡ ಕಣೇ. ಹಳೇ ಗೋಡೆ. ಆ ಹೆಂಗ್ಸು ನೋಡಿದ್ರೆ ದಂಡ ಹಾಕಿಸ್ತಾಳೆ.”

“ಹಾಕಿಸ್ಲಿ.”

ಪಾಚಿ ಹಸಿರು ಲೋಳೆಯಾಗಿ ಇಳಿಯಿತು. ಅವಳು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಒಂದು ಅಂಗೈಯಗಲ ಬಿಡದಂತೆ ತಿಕ್ಕುತ್ತಿದ್ದಳು. ಅದು ಅವಳ ಕಸುಬು. ಕೊಳೆ ನೋಡಿ ಮನುಷ್ಯರನ್ನ ಹೇಳ್ತೀನಿ ಅನ್ನುತ್ತಿದ್ದಳು. ಯಾವ ಸಾಹೇಬ ಹೆಂಡತಿಯ ಜೊತೆ ಜಗಳವಾಡಿ ಕಚೇರಿಯಲ್ಲೇ ಮಲಗಿದ್ದ, ಯಾವನು ಮೇಜಿನ ಕೆಳಗೆ ಅತ್ತಿದ್ದ, ಎಲ್ಲ. ಹೆಂಚಿನ ಗೆರೆ ಕೆಂಪಗೆ ಹೊರಬಂತು. ಅದೆರಿತು ಚೀಲದಿಂದ ತೆಗೆದ ಸೇವಂತಿಗೆಯ ಕುಂಡವನ್ನು ಎದೆಗವಚಿಕೊಂಡು ನಿಂತಿದ್ದ. ಬ್ರಷ್ಷಿನ ಸದ್ದಿನ ಅಡಿಯಲ್ಲಿ ಆ ಇನ್ನೊಂದು ಸದ್ದು ನಿಲ್ಲದೆ ನಡೆದಿತ್ತು, ಹತ್ತಿರವಾಗಿತ್ತು, ಆಚೆ ಕಡೆ ಸರಿಯಾಗಿ ಅವಳ ಕೈಯ ಎದುರಿಗೇ ಬಂದಿತ್ತು. ಗಾರೆಯ ಸಣ್ಣ ಸಣ್ಣ ಹರಳು ಸಂದಿನಿಂದ ಉದುರುತ್ತಿರುವುದನ್ನು ಅವನು ಕಣ್ಣಾರೆ ಕಂಡ. ಅವಳ ಬ್ರಷ್ಷಿಗೆ ಉದುರುತ್ತಿದೆ, ಅಷ್ಟೇ. ಬ್ರಷ್ಷು ನಿಂತಿತು. ಹರಳು ಉದುರುತ್ತಲೇ ಇದ್ದವು.

“ಇಲ್ಲಿ ಬಾ,” ಎಂದಳು ಲೂರ್ದೆಶ್.

ಅವನು ಹೋಗಲಿಲ್ಲ. ಅವಳು ಒದ್ದೆ ಬಟ್ಟೆಯಿಂದ ಗೆರೆಯ ಕೆಳಗಿನ ಒಂದು ಸಂದಿಯನ್ನು ಒರೆಸಿದಳು, ತನ್ನ ಬೆರಳನ್ನು ಅದರಲ್ಲಿಟ್ಟು ಉದ್ದಕ್ಕೂ ಎಳೆದಳು. “ಈ ಗುರುತು ನೋಡು. ನಮ್ಮನೆ ಬಚ್ಚಲಲ್ಲಿದೆ. ಅಡುಗೆಮನೆ ಗೋಡೇಲಿದೆ. ಅಮ್ಮನ ಒಲೆ ಹಿಂದೆ ಇದೆ.” ಅದೆರಿತುವಿನ ಬಲಗೈ ಹೆಬ್ಬೆರಳಿನ ತುದಿ ಇರಲಿಲ್ಲ, ಹದಿನಾರನೇ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಗಾರೆ ಹಸಿಯಿರುವಾಗ ಕರಣೆ ಬಿಟ್ಟು ಆ ಮೊಂಡು ಬೆರಳಿನಿಂದಲೇ ಸಂದಿ ಒತ್ತುವುದು ಅವನ ಅಭ್ಯಾಸ. ಒತ್ತಿದಲ್ಲೆಲ್ಲ ಚೌಕದಂಥ ಒಂದು ಸಣ್ಣ ಗುಳಿ ಉಳಿಯುತ್ತಿತ್ತು. ಅವನು ಎಡಗೈಯಿಂದ ಬಲಗೈ ಮುಚ್ಚಿಕೊಂಡ, ಕುಂಡ ವಾಲಿತು.

“ಗೆರೆಯಿಂದ ಕೆಳಗೆ ಹಳೇದು ಅಂದ್ಳು ಅವ್ಳು,” ಲೂರ್ದೆಶ್ ನಿಧಾನವಾಗಿ ಹೇಳುತ್ತಿದ್ದಳು, ಲೆಕ್ಕ ಬಿಡಿಸುವ ಹುಡುಗಿಯ ಹಾಗೆ. “ನೀನೂ ಎಷ್ಟು ಸಲ ಹೇಳಿದೀಯ. ಭಾನುವಾರ ಯಾವ ಕೋಟೆಗೆ ಹೋದ್ರೂ ಅದೇ ಪಾಠ. ಗೆರೆ ಕೆಳಗೆ ಅವ್ರದ್ದು, ಗೆರೆ ಮೇಲೆ ನಮ್ದು. ಹಾಗಾದ್ರೆ ನಿನ್ ಬೆರಳು ಕೆಳಗೆ ಯಾಕಿದೆ?”

ಅವನು ವಾಲಿದ ಕುಂಡವನ್ನು ನೆಟ್ಟಗೆ ಮಾಡಿಕೊಂಡ.

“ಗೆರೆ ತಪ್ಪಾಗಿದೆ.” ಅವಳ ಕೈ ಗೆರೆಯ ಮೇಲೆ ಎಡಕ್ಕೆ ಸರಿಯಿತು, ಒಂದು ಕಡೆ ನಿಂತಿತು. ಅಲ್ಲಿ ಮೂರು ಹೆಂಚು ಇರಲಿಲ್ಲ. ಖಾಲಿ ಸಂದಿಯ ಎರಡೂ ಅಂಚಿನಲ್ಲಿ ಉಳಿಯ ಏಟು, ಒಂದರ ಪಕ್ಕ ಒಂದು, ನೇರ, ಒಂದೇ ಆಳ. “ಇದನ್ನ ಕಿತ್ತಿದ್ದು ಯಾರು?”

“ಲೂರ್ದೆಶ್.”

“ಹೆಸರು ಕರೀಬೇಡ. ಯಾರು ಕಿತ್ತಿದ್ದು?”

“ಅವ್ನು.”

“ಒಳಗಿಂದು ಮೂರು ಕಿತ್ತು, ಆಮೇಲೆ ಹೊರಗಿನ ಕಡೇದಕ್ಕೆ ಬಗ್ಗಿದ.” ಅವಳು ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. “ಯಾರು ಹೇಳಿದ್ದು ಅವ್ನಿಗೆ?”

ಈ ಪ್ರಶ್ನೆಗೆ ಅವನು ಎಂಟು ವರ್ಷ ತಯಾರಿ ಮಾಡಿಕೊಂಡಿದ್ದ. ಹತ್ತಾರು ಉತ್ತರಗಳಿದ್ದವು. “ನಾನೇ ಕಳ್ಸಿದ್ದು,” ಎಂದ. ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಮಂಜು ಹಾಗೇ ಇತ್ತು. “ಊಟ ಮಾಡಿ ಹೋಗ್ತೀನಿ ಅಂದ. ಬೇಡ ಅಂದೆ. ಹಗ್ಗ ಕೇಳ್ದ. ಎರಡು ನಿಮಿಷದ ಕೆಲ್ಸ ಅಂದೆ. ನನ್ ತಪ್ಪು ಆ ಆರ್ಕಿಟೆಕ್ಟ್ ಕಣ್ಣಿಗೆ ಬೀಳಬಾರ್ದು ಅಂತ...”

“ಬಿಯರು?”

“ನಂದು. ನನ್ ಕೈಲಿತ್ತು.”

ಲೂರ್ದೆಶ್ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಜಾರಿ ಕುಕ್ಕರಗಾಲಿನಲ್ಲಿ ಕೂತಳು. ಅಳುತ್ತಾಳೆ ಅಂದುಕೊಂಡ. ಅವಳು ಅಳಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಎತ್ತಿ ಅವನ ಮುಖಕ್ಕೆ ಎಸೆದಳು. ಅದು ಕೆನ್ನೆಗೆ ಬಡಿದು ಭುಜದ ಮೇಲೆ ಬಿತ್ತು. ಬ್ಲೀಚಿಂಗ್ ನೀರು ಕಣ್ಣಿಗೆ ಹೋಗಿ ಉರಿಯಿತು, ಒರೆಸಿಕೊಳ್ಳಲು ಅವನಿಗೆ ಧೈರ್ಯವಾಗಲಿಲ್ಲ.

“ಅಮ್ಮ ಚರ್ಚಲ್ಲಿ ಯಾವಾಗ್ಲೂ ಎರಡನೇ ಬೆಂಚಲ್ಲಿ ಕೂರ್ತಿದ್ಳು,” ಎಂದಳು. “ಅವನು ಹೋದ್ಮೇಲೆ ಎಂಟು ವರ್ಷ ಬಾಗಿಲ ಹತ್ರ ನಿಂತ್ಕೊಂಡೇ ಇದ್ಳು. ಸಾಯೋ ಹಿಂದಿನ ದಿನ ನನ್ ಕೈ ಹಿಡ್ಕೊಂಡು ಕೇಳಿದ್ಳು, ನಿಜವಾಗ್ಲೂ ಕುಡಿದಿದ್ನೇನೇ ಅಂತ. ನಾನೇನಂದೆ ಗೊತ್ತಾ? ಹೋಗ್ಲಿ ಬಿಡಮ್ಮ, ದೇವರು ಕ್ಷಮಿಸ್ತಾನೆ ಅಂದೆ. ನನ್ ತಮ್ಮನ್ನ ದೇವರು ಕ್ಷಮಿಸ್ತಾನೆ ಅಂದೆ, ಪಾಪಿ ನಾನು. ನೀನು ಪಕ್ಕದಲ್ಲೇ ನಿಂತಿದ್ದೆ. ಅವಳಿಗೆ ಸೂಪು ಕುಡಿಸ್ತಾ ಇದ್ದೆ.”

ಅವನಿಗೆ ಆ ಚಮಚ ನೆನಪಾಯಿತು. ಮುದುಕಿಯ ಗಲ್ಲದ ಮೇಲೆ ಇಳಿದ ಸೂಪನ್ನು ಈ ಮೊಂಡು ಹೆಬ್ಬೆರಳಿನಿಂದಲೇ ಒರೆಸಿದ್ದ. ಎಂಥ ಅಳಿಯ ಎಂದು ಅಕ್ಕಪಕ್ಕದವರು ಹೊಗಳಿದ್ದರು. ಅವನಿಗೆ ನಾಚಿಕೆಯಾಯಿತು, ಸಾಯುವಷ್ಟು ನಾಚಿಕೆ, ಮತ್ತೆ ಆ ನಾಚಿಕೆಯೊಳಗೇ ಹಗುರವಾಗಿ ಏನೋ ಇಳಿದುಹೋಗುತ್ತಿರುವುದೂ ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ಮೂರು ಏಟು. ಬಿಡುವು. ಗೋಡೆಗೆ ಒರಗಿದ್ದ ಲೂರ್ದೆಶಳ ತಲೆ ಪ್ರತಿ ಏಟಿಗೂ ಸಣ್ಣಗೆ ಅದುರುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತ.

“ಎಷ್ಟು ಹೊತ್ತಿಂದ ಕೇಳಿಸ್ತಿದೆ ನಿಂಗೆ?” ಎಂದಳು ಅವಳು.

“ಏನು?”

“ಮರಕುಟಿಗ.” ಅವಳು ಆ ಮಾತನ್ನು ಉಗಿದಳು. “ನಂಗೆ ಸೇತುವೆಯಿಂದ. ಮೂರು ಹೊಡೆದು ಊದೋದು. ನಮ್ಮಪ್ಪ ಹೊಡೀತಿದ್ದದ್ದು ಹಾಗೆ. ಅಪ್ಪನೇ ಅವ್ನಿಗೆ ಕಲಿಸಿದ್ದು, ನಮ್ಮನೆ ಹಿಂದಿನ ಕಲ್ಲಿನ ಮೇಲೆ, ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ನಂಗೆ ಗೊತ್ತಾಗಲ್ವಾ?” ಅವಳು ತಲೆಯನ್ನು ಹಿಂದಕ್ಕೆ ವಾಲಿಸಿ ಗೋಡೆಗೆ ಕಿವಿಯಿಟ್ಟಳು. “ಇನ್ನೂ ಮಾಡ್ತಾ ಇದಾನೆ. ನೀನು ಹೇಳಿದ ಕೆಲ್ಸ. ಎಂಟು ವರ್ಷದಿಂದ ಹಸ್ಕೊಂಡು.”

“ಲೂರ್ದೆಶ್, ಹಾಗೆಲ್ಲ...”

“ನಾನು ಕರೆದ್ರೆ ಬರಲ್ಲ ಅವ್ನು. ಭಾವ ಹೇಳಿದ್ದು ಅಂತಾನೆ. ನೀನು ಕಳಿಸಿದ್ದು, ನೀನೇ ಕರಿ.”

ಅದೆರಿತು ಕುಂಡವನ್ನು ಕೆಳಗಿಟ್ಟ. ಗೋಡೆಯ ಹತ್ತಿರ ಹೋದ. ಖಾಲಿ ಸಂದಿಗೆ ಬಾಯಿ ಹತ್ತಿರ ತಂದ. ಅದರೊಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಗಾರೆಯ ಧೂಳಿನ ವಾಸನೆ, ಊದಿದಂತೆ. ಈಗ ಅವನು ನಗಬಹುದಿತ್ತು, ಹುಚ್ಚು ಹಿಡಿಯಿತೇನೇ ಅನ್ನಬಹುದಿತ್ತು, ಅವಳ ರಟ್ಟೆ ಹಿಡಿದು ಎಬ್ಬಿಸಿ ಮೂರರ ಬಸ್ಸಿಗೆ ನಡೆಸಬಹುದಿತ್ತು. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಎಂಟು ವರ್ಷದಿಂದ ಒಬ್ಬನೇ ಇದ್ದಾಗಲೂ ಗಟ್ಟಿಯಾಗಿ ಆಡದ ಆ ಹೆಸರನ್ನು ಕರೆದ.

“ಝೆಫೆ.” ಕೆಮ್ಮಿ ಮತ್ತೆ ಕರೆದ. “ಝೆಫೆ, ಸಾಕು ಕಣೋ. ಬಿಡು ಅದನ್ನ. ತಪ್ಪು ನಂದು, ಹಾಗೇ ಇರ್ಲಿ. ಬಾ, ಊಟ ಮಾಡು.”

ಮೂರನೆಯ ಏಟು ಬೀಳಲಿಲ್ಲ. ಎರಡಕ್ಕೇ ನಿಂತಿತು. ಕಾಡಿನಲ್ಲಿ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ಆಗ ಮೊದಲ ಸಲ ಕೇಳಿಸಿತು. ಲೂರ್ದೆಶ್ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ದೀಪವನ್ನು ಅವನ ಚೀಲದಿಂದ ತಾನೇ ತೆಗೆದಳು, ಹೂವಿನ ಪಕ್ಕದಲ್ಲಿಟ್ಟು ಹಚ್ಚಿದಳು, ಶಿಲುಬೆಯ ಗುರುತು ಮಾಡಿಕೊಂಡಳು. ಬಕೆಟ್ಟಿನ ನೀರನ್ನು ಮೂಲೆಗೆ ಚೆಲ್ಲಿ, ಬ್ರಷ್ಷನ್ನೂ ಬಟ್ಟೆಗಳನ್ನೂ ಅದರೊಳಗೆ ಹಾಕಿಕೊಂಡಳು. ಕೋಟು ತೊಟ್ಟು ಗುಂಡಿ ಹಾಕಿಕೊಂಡಳು. ಅದೆರಿತು ಚೀಲಕ್ಕೆ ಕೈಹಾಕಿದ.

“ನೀನೆಲ್ಲಿಗೆ?”

“ಮೂರಕ್ಕೆ ಬಸ್ಸು...”

“ಊಟಕ್ಕೆ ಕರೆದಿದೀಯ,” ಎಂದಳು ಲೂರ್ದೆಶ್. “ಅವ್ನು ಇಳಿದು ಬರೋ ತನಕ ಇಲ್ಲೇ ಇರು. ಈ ಸಲನಾದ್ರೂ ಬಿಟ್ಟು ಬರಬೇಡ.”

ಅವಳು ಹೊರಟಳು. ನೀಲಿ ಬಕೆಟ್ಟು ಹೆಬ್ಬಾಗಿಲವರೆಗೆ ಕಂಡಿತು, ಆಮೇಲೆ ಅದರ ಹಿಡಿಯ ಕಿರ್‌ಕಿರ್ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ. ಸಂಜೆ ಮನೆಗೆ ಹೋದರೆ ಒಳಗಿನಿಂದ ಚಿಲಕ ಹಾಕಿರುತ್ತದೋ ತೆಗೆದಿರುತ್ತದೋ ಅವನಿಗೆ ಗೊತ್ತಿರಲಿಲ್ಲ. ಅವನು ಗೋಡೆಯ ಬುಡದ ಉದ್ದನೆಯ ಕಲ್ಲಿನ ಮೇಲೆ ಕೂತ. ಡಬ್ಬಿ ತೆಗೆದ. ಲೂರ್ದೆಶ್ ಬೆಳಗ್ಗೆ ಕಟ್ಟಿದ್ದು. ಮುಚ್ಚಳ ಬಿಚ್ಚಿದಾಗ ಅದರೊಳಗೆ ಬ್ರೆಡ್ಡಿನ ಮೂರು ದಪ್ಪ ಹೋಳು, ಬೋಂಡಗಳು ಮೂರು ಗುಂಪಾಗಿ ಕಾಗದದಲ್ಲಿ ಬೇರೆ ಬೇರೆ ಸುತ್ತಿದ್ದವು. ಅವನು ತನ್ನ ಪಾಲನ್ನು ಮುಟ್ಟಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯನ್ನು ಗೋಡೆಗೆ ಕೊಟ್ಟು ಕಾದ. ಬಹಳ ಹೊತ್ತಾದ ಮೇಲೆ ಆ ಕಡೆ, ನಿಲ್ಲಲು ಜಾಗವಿಲ್ಲದಲ್ಲಿ, ಉಳಿ ಸುತ್ತಿಗೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ ಸದ್ದಾಯಿತು.

ಅದೆರಿತು ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ.